ಉಗುರು ತೊಳೆಯುವ ದೇವರು

ಕೋಲ್ಟರ್ ಹಾಲ್ವರ್ಸನ್ ಜಪಾನಿ ಭಾಷೆಯಲ್ಲಿ ಪಂಡಿತನೆಂದು ಯೂಟಾದ ಸ್ಯಾನ್‌ಪೀಟ್ ಕಣಿವೆಯ ಜನ ತೀರ್ಮಾನಿಸಿದಾಗ ಅವನಿಗೆ ಆ ಭಾಷೆಯಲ್ಲಿ ಬರುತ್ತಿದ್ದುದು ಒಂದೇ ವಾಕ್ಯ. ಅದೂ ಸ್ವಂತದ್ದಲ್ಲ, ತಾತನದು. ತಾತ ವರ್ಲ್ ಹಾಲ್ವರ್ಸನ್ ಪ್ರಾಯದಲ್ಲಿ ಧರ್ಮಪ್ರಚಾರಕ್ಕೆಂದು ಜಪಾನಿನ ಹೊಕ್ಕೈದೋಗೆ ಹೋಗಿದ್ದವನು. ಅಲ್ಲಿಂದ ಬಂದವನೇ ಟರ್ಕಿ ಕೋಳಿ ಸಾಕಲು ಕೂತ. ಟರ್ಕಿ ಕೋಳಿಗಳ ಜತೆ ಜಪಾನಿ ಮಾತಾಡುವ ಪ್ರಸಂಗ ಹೆಚ್ಚು ಬರುವುದಿಲ್ಲ. ಹಾಗಾಗಿ ಕಲಿತದ್ದೆಲ್ಲ ಒಂದೊಂದಾಗಿ ಉದುರಿ, ಕೊನೆಗೆ ಗಟ್ಟಿಯಾಗಿ ಉಳಿದದ್ದು ‘ಕೊನೊ ಬಸು ವಾ ಏಕಿ ನಿ ಇಕಿಮಾಸು ಕಾ’ ಎಂಬುದೊಂದು. ಈ ಬಸ್ಸು ಸ್ಟೇಷನ್ನಿಗೆ ಹೋಗುತ್ತದೆಯೇ ಎಂದು ಅರ್ಥ. ಇದನ್ನೇ ಆತ ಮೊಮ್ಮಗನಿಗೆ ಆಸ್ತಿಯ ಹಾಗೆ ಕೊಟ್ಟ.

ಜಪಾನಿನ ಸೆಂದೈ ಊರಿಗೆ ಪ್ರಚಾರಕನಾಗಿ ಹೋಗಬೇಕೆಂದು ಕೋಲ್ಟರ್‌ಗೆ ಕರೆ ಬಂತು. ಬೀಳ್ಕೊಡುಗೆಯ ಭಾನುವಾರ ಚರ್ಚಿನ ವೇದಿಕೆ ಹತ್ತಿ, ಕಣ್ಣು ಮುಚ್ಚಿ, ಒಂದೊಂದು ಅಕ್ಷರಕ್ಕೂ ಭಕ್ತಿ ಬೆರೆಸಿ, ಈ ಬಸ್ಸು ಸ್ಟೇಷನ್ನಿಗೆ ಹೋಗುತ್ತದೆಯೇ ಎಂದು ದೇವರ ಸನ್ನಿಧಿಯಲ್ಲಿ ಕೇಳಿದ. ಅರ್ಥವೇನೆಂದು ಯಾರೂ ವಿಚಾರಿಸಲಿಲ್ಲ. ಮುಂದಿನ ಬೆಂಚಿನಲ್ಲಿ ಬಿಷಪ್ಪರ ಹೆಂಡತಿ ಕರವಸ್ತ್ರ ತೆಗೆದರು. ತಾತ ಮಾತ್ರ ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತ ಕೂತ.

“ಇನ್ನೂ ಊರು ಬಿಟ್ಟಿಲ್ಲ, ಆಗ್ಲೇ ಜಪಾನಿಯಲ್ಲಿ ಸಾಕ್ಷಿ ಹೇಳ್ತಾನೆ ನೋಡ್ರಿ,” ಎಂದರು ಪಕ್ಕದ ಫಾರಮ್ಮಿನವರು. “ವರ ಅಂದ್ರೆ ಇದೇ.”

ಕೋಲ್ಟರ್ ವಿನಯದಿಂದ ತಲೆ ತಗ್ಗಿಸಿದ. ತಪ್ಪು ತಿದ್ದುವುದಕ್ಕಿಂತ ವಿನಯ ಎಷ್ಟೋ ಸುಲಭ.

ಬುಧವಾರ ಅಪ್ಪ ಅಮ್ಮ ಅವನನ್ನು ಪ್ರೋವೋದ ಪ್ರಚಾರಕರ ತರಬೇತಿ ಕೇಂದ್ರಕ್ಕೆ ತಂದುಬಿಟ್ಟರು. ಅಲ್ಲಿನ ಕ್ರಮ ಅಚ್ಚುಕಟ್ಟು. ಕಾರು ನಿಂತ ಕೂಡಲೇ ಪೆಟ್ಟಿಗೆ ಇಳಿಸಲು ಆಳುಗಳು ಓಡಿಬರುತ್ತಾರೆ. ಪೆಟ್ಟಿಗೆ ನೆಲ ಮುಟ್ಟುವುದರೊಳಗೆ ತಾಯಂದಿರು ಅತ್ತು ಮುಗಿಸಬೇಕು. ಕೋಲ್ಟರ್‌ನ ಪೆಟ್ಟಿಗೆ ಹಗುರ. ಅಮ್ಮನಿಗೆ ಸರಿಯಾಗಿ ಅಳಲು ಆಗಲೇ ಇಲ್ಲ.

ಒಳಗೆ ಅವನ ಕೋಟಿಗೆ ಕಪ್ಪು ನಾಮಫಲಕ ಚುಚ್ಚಿದರು. ಅದರಲ್ಲಿ ಜಪಾನಿ ಲಿಪಿಯಲ್ಲಿ ಅವನ ಹೆಸರು ಇತ್ತೆಂದು ಹೇಳಿದರು. ನಂಬದೆ ದಾರಿ ಇರಲಿಲ್ಲ. ಆ ಗಳಿಗೆಯಿಂದ ಅವನು ಎಲ್ಡರ್ ಹಾಲ್ವರ್ಸನ್. ಎಲ್ಡರ್ ಅಂದರೆ ಹಿರಿಯ. ಮೀಸೆ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿದ್ದ ಹತ್ತೊಂಬತ್ತರ ಹುಡುಗರೆಲ್ಲ ಅಲ್ಲಿ ಹಿರಿಯರು. ಅವರಿಗೆ ಪಾಠ ಹೇಳುವ ದೊಡ್ಡವರು ಬರೀ ಬ್ರದರ್‌ಗಳು, ಸಿಸ್ಟರ್‌ಗಳು.

ಹಿರಿಯರನ್ನು ಒಂಟಿಯಾಗಿ ಬಿಟ್ಟರೆ ಕೆಡುತ್ತಾರೆಂದು ಅಲ್ಲಿ ಜೋಡಿ ಮಾಡುತ್ತಾರೆ. ಸ್ನಾನದ ಮನೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಇಬ್ಬರೂ ಒಬ್ಬರ ಕಣ್ಣಿಗೊಬ್ಬರು ಬೀಳುತ್ತಿರಬೇಕು. ಕೋಲ್ಟರ್‌ಗೆ ಸಿಕ್ಕ ಜೋಡಿಯ ಹೆಸರು ಎಲ್ಡರ್ ಕುನಿಮೊಟೊ. ದುಂಡು ಮುಖ, ಕಪ್ಪು ನೆಟ್ಟಗೂದಲು. ಅವನನ್ನು ಕಂಡದ್ದೇ ಕೋಲ್ಟರ್‌ನ ಎದೆ ತುಂಬಿ ಬಂತು. ದೇವರು ತನಗೆ ನಿಘಂಟನ್ನೇ ಜೊತೆಗಾರನಾಗಿ ಕಳಿಸಿದ್ದಾನೆ! ಇನ್ನು ಎರಡು ವರ್ಷ ನಿಶ್ಚಿಂತೆ.

ಕುನಿಮೊಟೊ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. “ನಿಮ್ ತಾತ ಜಪಾನಲ್ಲಿದ್ರಂತೆ? ನಿಂಗೆ ನೀರು ಕುಡ್ದಂಗೆ ಬರುತ್ತಂತೆ? ಆಫೀಸಲ್ಲಿ ಹೇಳಿದ್ರು. ಬದುಕಿದೆ ಕಣೋ ನಾನು!”

“ನಾನಾ?” ಎಂದ ಕೋಲ್ಟರ್. “ಬರೋದು ನಿಂಗಲ್ವಾ?”

“ನಂಗ್ಯಾಕೆ ಬರುತ್ತೆ? ನಮ್ ತಾತನ ಅಪ್ಪ ಐಡಾಹೋಗೆ ರೈಲು ಹಳಿ ಹಾಕೋಕೆ ಬಂದೋನು. ಆಮೇಲಿಂದ ನಮ್ಮನೇಲಿ ಎಲ್ಲಾರೂ ಆಲೂಗಡ್ಡೆ ಬೆಳೆಯೋರ ಭಾಷೇನೇ ಮಾತಾಡೋದು.”

“ಒಂದು ಮಾತೂ ಬರಲ್ವಾ?”

“ಅಜ್ಜಿ ಮಾಡ್ತಿದ್ದ ಅಡುಗೆ ಹೆಸರು ಬರುತ್ತೆ. ಊಟಕ್ಕೆ ಕೂತಾಗ ಹೇಳೋದು ಬರುತ್ತೆ. ಮತ್ತೆ ಅಜ್ಜಿ ಬೈತಿದ್ದದ್ದು ಬರುತ್ತೆ, ‘ಬಕತಾರೆ’. ಪೆದ್ದ ನನ್ಮಗ ಅಂತ. ಅದನ್ನ ಧರ್ಮಪ್ರಚಾರಕ್ಕೆ ಹೇಗೆ ಬಳಸ್ಬೋದೋ ನೀನೇ ನೋಡು. ನಿಂಗೆಷ್ಟು ಬರುತ್ತೆ?”

“ಬಸ್ಸು ಸ್ಟೇಷನ್ನಿಗೆ ಹೋಗುತ್ತಾ ಅಂತ ಕೇಳೋಕೆ ಬರುತ್ತೆ.”

ಇಬ್ಬರು ಹಿರಿಯರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಒಬ್ಬ ಇನ್ನೊಬ್ಬನನ್ನು ದಡವೆಂದುಕೊಂಡು ಇಬ್ಬರೂ ನೀರಿಗೆ ಹಾರಿಯಾಗಿತ್ತು.

ಅವರ ಗುರು ಬ್ರದರ್ ಆಶ್‌ಡೌನ್, ಈಚೆಗಷ್ಟೇ ಜಪಾನಿನಿಂದ ಮರಳಿ ಕಾಲೇಜು ಓದುತ್ತಿದ್ದ ಸಣಕಲ ಯುವಕ. ತರಗತಿಗೆ ಬಂದವನೇ ಸೊಂಟ ಬಗ್ಗಿಸಿ ನಮಸ್ಕರಿಸಿ ಜಪಾನಿಯಲ್ಲಿ ಶುರುಮಾಡಿದ. ಇಂಗ್ಲಿಷು ಎಂಬ ಭಾಷೆಯೊಂದು ಲೋಕದಲ್ಲಿದೆ ಎನ್ನುವುದೇ ಮರೆತವನಂತೆ ಮುಂದುವರಿಸಿದ. ಸಹಜವಾಗಿಯೇ ಮೊದಲ ಪ್ರಶ್ನೆಯನ್ನು ಕುನಿಮೊಟೊ ಕಡೆ ಎಸೆದ. ಕುನಿಮೊಟೊ ಹಿಂದೆ ತಿರುಗಿ, ಯಾರನ್ನು ಕೇಳುತ್ತಿದ್ದಾರೆಂದು ನೋಡಿದ. ಹಿಂದೆ ಗೋಡೆಯಿತ್ತು. ಪ್ರಶ್ನೆ ಕೋಲ್ಟರ್ ಕಡೆ ಹೊರಳಿತು. ಊರಿನ ಮರ್ಯಾದೆ ನೆನೆದು ಕೋಲ್ಟರ್ ಎದ್ದು ನಿಂತ. ಎದೆ ಸೆಟೆಸಿ, ಈ ಬಸ್ಸು ಸ್ಟೇಷನ್ನಿಗೆ ಹೋಗುತ್ತದೆಯೇ ಎಂದ.

ಆಶ್‌ಡೌನ್ ಸ್ವಲ್ಪ ಹೊತ್ತು ಯೋಚಿಸಿ, ಆ ದಿನಕ್ಕೆ ಒಂದೇ ಸಲ ಇಂಗ್ಲಿಷಿಗೆ ಇಳಿದ. “ಇದು ಕ್ಲಾಸ್‌ರೂಮು, ಎಲ್ಡರ್. ಎಲ್ಲಿಗೂ ಹೋಗಲ್ಲ. ಕೂತ್ಕೊಳ್ಳಿ.”

ಗಾಬರಿಯಾಗಬೇಡಿ, ನಾಲಿಗೆಯ ವರವನ್ನು, ಅಂದರೆ ಕಲಿಯದ ಭಾಷೆ ಆಡುವ ಶಕ್ತಿಯನ್ನು, ದೇವರು ಕೊಡುತ್ತಾನೆ ಎಂದು ಅಲ್ಲಿ ಎಲ್ಲರೂ ಧೈರ್ಯ ಹೇಳುತ್ತಿದ್ದರು. ಕೊಡುತ್ತಿದ್ದನೆನ್ನುವುದು ಸುಳ್ಳಲ್ಲ. ಆದರೆ ಆ ವರ ಹೆಚ್ಚಾಗಿ ರಾತ್ರಿಹಗಲು ಬಾಯಿಪಾಠ ಮಾಡಿದವರಿಗೇ ಸಿಗುತ್ತಿತ್ತು. ಕೋಲ್ಟರ್ ಮತ್ತು ಕುನಿಮೊಟೊ ಮೊದಲ ದಿನ ವರಕ್ಕಾಗಿ ಕಾದರು. ಗುರುವಾರ ಆಶ್‌ಡೌನ್ ಬೋರ್ಡಿನ ಮೇಲೆ ಒಬ್ಬ ಹೆಂಗಸಿನ ಚಿತ್ರ ಬಿಡಿಸಿ, ಅಭಿನಯ ಮಾಡಿ, ಸಂಗತಿ ತಿಳಿಸಿದ. ನಾಳೆ ಇವರಿಬ್ಬರೂ ಕಿನುಕೊ ಸಾನ್ ಎಂಬ ಸೆಂದೈ ಊರಿನ ಹೆಂಗಸಿಗೆ ದೇವರ ವಿಷಯ ಹೇಳಬೇಕು. ಜಪಾನಿಯಲ್ಲಿ.

“ಬ್ರದರ್, ನಮಗಿನ್ನೂ ನೀರು ಕೇಳೋಕೂ ಬರಲ್ಲ,” ಎಂದ ಕುನಿಮೊಟೊ.

“ನೀವೇನು ನೀರು ಕೇಳೋಕೆ ಹೋಗ್ತಿಲ್ಲವಲ್ಲ,” ಎಂದ ಆಶ್‌ಡೌನ್, ಮನಸ್ಸಿಲ್ಲದ ಮನಸ್ಸಿನಿಂದ ಇಂಗ್ಲಿಷಿನಲ್ಲಿ. “ಅರ್ಥ ಆಗ್ಲಿಲ್ಲ ಅಂದ್ರೆ ಬೆವರಬೇಡಿ. ಮುಖದಲ್ಲಿ ನಗು ಇರಲಿ. ಅವರು ಹೇಳಿದ್ದು ಒಳ್ಳೇ ಸುದ್ದಿ ಅನ್ನಿಸಿದ್ರೆ ‘ಸುಬರಾಶೀ’ ಅನ್ನಿ. ಅದ್ಭುತ ಅಂತ.”

ಹಿರಿಯರಿಬ್ಬರೂ ಈ ಉಪದೇಶದಲ್ಲಿ ‘ಒಳ್ಳೇ ಸುದ್ದಿ’ ಎಂಬ ಭಾಗವನ್ನು ಕೈಬಿಟ್ಟು ಮಿಕ್ಕಿದ್ದನ್ನು ಮನನ ಮಾಡಿದರು. ಸಂಜೆ ಊಟದ ಹಾಲಿನಲ್ಲಿ ಚಾಕೊಲೇಟ್ ಹಾಲು ಸುಬರಾಶೀ, ಮಾಂಸದ ರೊಟ್ಟಿ ಸುಬರಾಶೀ, ಖಾಲಿ ತಟ್ಟೆಯೂ ಸುಬರಾಶೀ. ಪಕ್ಕದ ಮೇಜಿನ ಪೋರ್ಚುಗೀಸ್ ತಂಡದವರು ಇವರ ಮಾತಿನ ಓಟ ಕಂಡು ಹೊಟ್ಟೆಕಿಚ್ಚು ಪಟ್ಟರು.

ಶುಕ್ರವಾರ ಪಾಠದ ಕೋಣೆಯನ್ನು ಮನೆಯ ಹಾಲಿನಂತೆ ಸಜ್ಜು ಮಾಡಿದ್ದರು. ಸೋಫಾ, ದೀಪ, ನೆಲಕ್ಕೆ ಚಾಪೆ. ಕಿನುಕೊ ಸಾನ್ ಎಪ್ಪತ್ತು ದಾಟಿದ ಪುಟ್ಟ ಹೆಂಗಸು. ಬೂದು ಬಣ್ಣದ ಸ್ವೆಟರು, ಗಿಡ್ಡಗೆ ಕತ್ತರಿಸಿದ ಬಿಳಿಗೂದಲು, ಪಕ್ಕದಲ್ಲಿ ಬಾರ್ಲಿ ಟೀಯ ಫ್ಲಾಸ್ಕು. ಆಕೆ ನಿಜಕ್ಕೂ ಧರ್ಮಕ್ಕೆ ಹೊರಗಿನವರೋ ಅಥವಾ ಹುಡುಗರ ಅಭ್ಯಾಸಕ್ಕೆಂದು ಹಾಗೆ ನಟಿಸುವವರೋ ಎಂದು ಆಶ್‌ಡೌನ್ ಹೇಳಿರಲಿಲ್ಲ.

ಕೋಲ್ಟರ್ ಬಾಯಿಪಾಠ ಒಪ್ಪಿಸತೊಡಗಿದ. ನಾವು ಪ್ರಚಾರಕರು. ದೇವರು ನಿಮ್ಮನ್ನು ಪ್ರೀತಿಸುತ್ತಾನೆ. ಅಲ್ಲಿಯವರೆಗೂ ಗಾಡಿ ಹೇಗೋ ಓಡಿತು. ಮುಂದೆ ಪಾಪದ ಪ್ರಸ್ತಾಪ. ಜಪಾನಿಯಲ್ಲಿ ಪಾಪಕ್ಕೆ ‘ತ್ಸುಮಿ’ ಅನ್ನುತ್ತಾರೆ, ಉಗುರಿಗೆ ‘ತ್ಸುಮೆ’. ವ್ಯತ್ಯಾಸ ಕೊನೆಯ ಒಂದು ಸ್ವರದ್ದು, ಕೋಲ್ಟರ್ ಆರಿಸಿಕೊಂಡದ್ದು ಉಗುರನ್ನು.

“ದೇವರು ನಿಮ್ಮ ಉಗುರುಗಳನ್ನು ತೊಳೆಯುತ್ತಾನೆ,” ಎಂದು ಆತ ಗಂಭೀರವಾಗಿ ಸಾರಿದ.

ಕಿನುಕೊ ಸಾನ್ ತಮ್ಮ ಬೆರಳುಗಳನ್ನು ನೋಡಿಕೊಂಡರು.

“ನಿಮಗೆ ಬಹಳ ಉಗುರುಗಳಿವೆ. ನನಗೂ ಬಹಳ ಉಗುರುಗಳಿವೆ. ಉಗುರಿಲ್ಲದವರು ಲೋಕದಲ್ಲಿ ಒಬ್ಬರೂ ಇಲ್ಲ.”

ಇದನ್ನು ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ. ಕಿನುಕೊ ಸಾನ್ ಒಪ್ಪಿ ತಲೆಯಾಡಿಸಿದರು. ಪಾಠ ನಾಟುತ್ತಿದೆ ಎಂದು ಕೋಲ್ಟರ್‌ಗೆ ಹುರುಪು ಬಂತು. ಉಳಿದಿದ್ದ ಒಂದೇ ಪ್ರಶ್ನೆಯನ್ನೂ ಕೇಳಿಬಿಟ್ಟ. ನಿಮ್ಮ ಕುಟುಂಬದ ಬಗ್ಗೆ ಹೇಳಿ.

ಆಕೆ ದೀಪದ ಕಡೆ ನೋಡುತ್ತ, ನಿಧಾನವಾಗಿ, ಬಹಳ ಹೊತ್ತು ಮಾತಾಡಿದರು. ಕೋಲ್ಟರ್‌ಗೆ ‘ಶುಜಿನ್’ ಎಂಬ ಮಾತೊಂದು ತಿಳಿಯಿತು, ಗಂಡ. ಆಕೆ ಉಸಿರು ತೆಗೆದುಕೊಂಡಾಗಲೆಲ್ಲ ಕುನಿಮೊಟೊ ಭಜನೆಗೆ ತಾಳ ಹಾಕುವವನಂತೆ “ಹಾಯ್, ಹಾಯ್” ಎಂದು ಜಪಾನಿಯಲ್ಲಿ ಹೂಂಗುಟ್ಟಿದ. ಮಾತು ನಿಂತಿತು. ಯಾರಾದರೂ ಏನಾದರೂ ಹೇಳಲೇಬೇಕಾದ ಸಮಯ.

“ಸುಬರಾಶೀ!” ಎಂದ ಕೋಲ್ಟರ್, ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ.

ಹಿಂದೆ ಬೀಳಲು ಮನಸ್ಸಿಲ್ಲದ ಕುನಿಮೊಟೊ, “ತೊತೆಮೊ ಸುಬರಾಶೀ!” ಎಂದ. ಬಹಳ ಅದ್ಭುತ.

ಕಿನುಕೊ ಸಾನ್ ಇಬ್ಬರನ್ನೂ ಒಂದು ಸುತ್ತು ನೋಡಿದರು. ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿಕೊಂಡು ಕುಡಿದರು. ಬಗ್ಗಿ ನಮಸ್ಕಾರ ಮಾಡಿದರು. ಪಾಠ ಮುಗಿಯಿತು.

“ಕಂಡ್ಯೇನೋ?” ಕಾರಿಡಾರಿನಲ್ಲಿ ಕೋಲ್ಟರ್ ಕುಣಿಯುವುದೊಂದು ಬಾಕಿ. “ಆಯಮ್ಮ ಮನಸ್ಸು ಬಿಚ್ಚಿ ಮಾತಾಡಿದ್ರು!”

“ನಾನು ಒಂದೇ ಒಂದ್ಸಲಾನೂ ‘ಹಾಯ್’ ತಪ್ಪಿಸ್ಲಿಲ್ಲ ಕಣೋ,” ಎಂದ ಕುನಿಮೊಟೊ.

ಮಧ್ಯಾಹ್ನ ಆಶ್‌ಡೌನ್ ಇವರಿಬ್ಬರನ್ನೇ ಕರೆದು ಬಾಗಿಲು ಹಾಕಿಕೊಂಡ. ಇಂಗ್ಲಿಷಿನಲ್ಲೇ ಮಾತು ತೆಗೆದ. ಅಲ್ಲಿಗೆ ಏನೋ ಕೆಟ್ಟಿದೆಯೆಂದು ಇಬ್ಬರಿಗೂ ಗೊತ್ತಾಯಿತು.

“ಕಿನುಕೊ ಸಾನ್ ಏನು ಹೇಳಿದ್ರು?”

“ಕುಟುಂಬದ ವಿಷ್ಯ,” ಎಂದ ಕೋಲ್ಟರ್. “ಗಂಡನ ವಿಷ್ಯ.”

“ಗಂಡನ ವಿಷ್ಯ ಏನು?”

ಕೋಲ್ಟರ್ ಕುನಿಮೊಟೊ ಕಡೆ ನೋಡಿದ. ಕುನಿಮೊಟೊ ತನ್ನ ಬೂಟು ನೋಡಿದ.

“ಮಾರ್ಚಿನಲ್ಲಿ ತೀರ್ಕೊಂಡ್ರು ಅಂದ್ರು. ಬೆಳಿಗ್ಗೆ ತಿಂಡಿ ಮಾಡಿಟ್ಟು ಕೂಗಿದೆ, ಏಳ್ಲೇ ಇಲ್ಲ ಅಂದ್ರು. ಅದಕ್ಕೆ ನೀವು ಅದ್ಭುತ ಅಂದ್ರಿ.” ಆಶ್‌ಡೌನ್ ಕುನಿಮೊಟೊ ಕಡೆ ತಿರುಗಿದ. “ನೀವು ಬಹಳ ಅದ್ಭುತ ಅಂದ್ರಿ.”

“ಅದು... ಪಾತ್ರದ ಮಾತಲ್ವಾ, ಬ್ರದರ್?” ಎಂದ ಕೋಲ್ಟರ್. “ನಟನೆ?”

“ಹೊರಗಿನವರು ಅನ್ನೋದಷ್ಟೇ ನಟನೆ. ಅವರು ಸಿಸ್ಟರ್ ಓಕ್ಲಿ. ಇಲ್ಲೇ ಓರೆಮ್‌ನಲ್ಲಿ ಮನೆ. ಗಂಡನ ಮಣ್ಣಿಗೆ ನಾನೂ ಹೋಗಿದ್ದೆ.”

ಹೊರಗೆ ಬಂದ ಮೇಲೆ ಜಗಳ ಹತ್ತಿತು. “ಅದಕ್ಕೆ ‘ಬಹಳ’ ಸೇರಿಸು ಅಂತ ನಿಂಗ್ಯಾರೋ ಹೇಳಿದ್ದು?” ಎಂದ ಕೋಲ್ಟರ್.

“ನೀನೊಬ್ನೇ ಅಂದ್ರೆ ಕಮ್ಮಿ ಅನ್ನಿಸ್ತು.”

“ಕಮ್ಮಿ ಅನ್ನಿಸ್ತಂತೆ! ಬಕತಾರೆ!”

“ಅದನ್ನ ಮಾತ್ರ ಚೆನ್ನಾಗಿ ಹೇಳ್ತೀಯ,” ಎಂದು ಕುನಿಮೊಟೊ ಮುಖ ತಿರುಗಿಸಿದ.

ಮುನಿಸಿಕೊಂಡವರು ದೂರ ಹೋಗಿ ಕೂರುವುದು ಲೋಕರೂಢಿ. ಇವರಿಗೆ ಅದಕ್ಕೂ ಅವಕಾಶವಿರಲಿಲ್ಲ. ಮಾತಿಲ್ಲದೆ ಜತೆಯಲ್ಲೇ ಬಟ್ಟೆ ಒಗೆಯಲು ಹೋದರು, ಜತೆಯಲ್ಲೇ ಬಾಸ್ಕೆಟ್‌ಬಾಲ್ ಆಡಲು ಹೋಗಿ ಒಬ್ಬನಿಗೊಬ್ಬ ಚೆಂಡು ಕೊಡದೆ ಸೋತರು, ಮಂಡಿಯೂರಿ ಪ್ರಾರ್ಥನೆ ಮಾಡುವಾಗಲೂ ದೇವರ ಜತೆ ಬೇರೆ ಬೇರೆಯಾಗಿ ಮಾತಾಡಿದರು.

ಕೋಲ್ಟರ್‌ಗೆ ಊಟ ಸೇರಲಿಲ್ಲ. ಊರಿನಲ್ಲಿ ಅವನು ಮಾತಾಡಿದ್ದು ಅರ್ಥವಾಗದವರ ಮುಂದೆ. ಇಲ್ಲಿ ಅರ್ಥವಾಗುವವರ ಮುಂದೆ ಬಾಯಿ ಬಿಟ್ಟಿದ್ದ. ಅಲ್ಲಿ ಅತ್ತವರಿಗೆ ಅಳಲು ಕಾರಣವೇ ಇರಲಿಲ್ಲ. ಇಲ್ಲಿ ಕಾರಣವಿದ್ದವರು ಟೀ ಕುಡಿದು ನಮಸ್ಕಾರ ಮಾಡಿ ಹೋಗಿದ್ದರು. ಶನಿವಾರ ಅವನೇ ಹೋಗಿ ಆಶ್‌ಡೌನ್‌ನನ್ನು ಕೇಳಿದ.

“ಸತ್ತವರ ಮನೇಲಿ ಏನಂತಾರೆ, ಬ್ರದರ್?”

“ಗೊಶೂಶೋಸಮಾ ದೆಸು.”

ಕೋಲ್ಟರ್ ಅದನ್ನು ಹಿಡಿದುಕೊಂಡು ಬಿಡಲಿಲ್ಲ. ಹಲ್ಲುಜ್ಜುವಾಗ ಗೊಶೂಶೋಸಮಾ, ಮೆಟ್ಟಿಲು ಹತ್ತುವಾಗ ಗೊಶೂಶೋಸಮಾ, ಭಾನುವಾರದ ಕೀರ್ತನೆಯ ಮಧ್ಯದಲ್ಲೂ ಗೊಶೂಶೋಸಮಾ. ಇದರ ನಡುವೆ ಗ್ರಹಚಾರವೆಂಬಂತೆ ಆಶ್‌ಡೌನ್ ಇಡೀ ತರಗತಿಗೆ ಊಟದ ಶಿಷ್ಟಾಚಾರ ಕಲಿಸಿದ. ತಿನ್ನುವ ಮೊದಲು ‘ಇತದಾಕಿಮಾಸು’, ತಿಂದು ತೇಗಿದ ಮೇಲೆ ‘ಗೊಚಿಸೋಸಮಾ ದೆಶಿತಾ’, ಅಂದರೆ ಔತಣ ಭರ್ಜರಿಯಾಗಿತ್ತು. ಪ್ರತಿ ಊಟಕ್ಕೂ ಎಲ್ಲರೂ ಒಟ್ಟಾಗಿ ಕೂಗಿ ಹೇಳಬೇಕು. ಆ ಹಾಲಿನಲ್ಲಿ ಊಟಕ್ಕೆ ಬರವಿರಲಿಲ್ಲ.

ಸೋಮವಾರ ಮತ್ತೆ ಅದೇ ಕೋಣೆ. ಬಾಯಿ ಮುಚ್ಚಿಕೊಂಡಿರುವುದೊಂದೇ ಕುನಿಮೊಟೊಗೆ ಒಪ್ಪಿಸಿದ್ದ ಕೆಲಸ. ಕೋಲ್ಟರ್ ಕೂರಲಿಲ್ಲ. ಕಿನುಕೊ ಸಾನ್ ಮುಂದೆ ನಿಂತು, ಹಣೆ ಮಂಡಿಗೆ ತಾಗುವಷ್ಟು ಬಗ್ಗಿ, ಜಪಾನಿಯಲ್ಲಿ ಹೇಳಿದ.

“ಶುಕ್ರವಾರದ್ದು, ಕ್ಷಮಿಸಿ. ನಿಮ್ಮ ಗಂಡ... ಗೊಚಿಸೋಸಮಾ ದೆಶಿತಾ.”

ನಿಮ್ಮ ಗಂಡ, ಔತಣ ಭರ್ಜರಿಯಾಗಿತ್ತು.

ಕುನಿಮೊಟೊನ ಮುಖ ಸುಣ್ಣವಾಯಿತು. ಜಪಾನಿಯಲ್ಲಿ ಅವನಿಗೆ ಗೊತ್ತಿದ್ದದ್ದೇ ಊಟದ ಮಾತು. “ಲೋ,” ಎಂದು ಕೋಲ್ಟರ್‌ನ ಕೋಟು ಜಗ್ಗಿದ, “ಲೋ, ಅದು ಊಟ ಆದ್ಮೇಲೆ ಹೇಳೋದು ಕಣೋ! ಅವರ ಗಂಡನ್ನ ತಿಂದಂಗಾಯ್ತು!”

ಕೋಲ್ಟರ್ ಬಗ್ಗಿದವನು ಏಳಲಿಲ್ಲ. ಎದ್ದು ಆಕೆಯ ಮುಖ ನೋಡುವುದಕ್ಕಿಂತ ಹೀಗೇ ಬಗ್ಗಿಕೊಂಡು ಜಪಾನಿಗೆ ಹೋಗಿ, ಹೀಗೇ ಬಗ್ಗಿಕೊಂಡು ಊರಿಗೆ ಮರಳುವುದು ಮೇಲೆನಿಸಿತು.

ಮೊದಲು ಒಂದು ಕೆಮ್ಮಿನಂಥ ಸದ್ದು ಕೇಳಿತು. ಕಿನುಕೊ ಸಾನ್ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಹೆಗಲು ಕುಲುಕುತ್ತಿತ್ತು. ಆಮೇಲೆ ಕೈ ತೆಗೆದು, ಸೋಫಾಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

“ಅಯ್ಯೋ ನಿನ್ನ! ಕೂತ್ಕೊಳೋ, ಸೊಂಟ ಹಿಡ್ಕೊಂಡೀತು,” ಎಂದರು, ಯೂಟಾದವರೇ ಆಡುವಂಥ ಅಚ್ಚ ಇಂಗ್ಲಿಷಿನಲ್ಲಿ.

“ಸಿಸ್ಟರ್ ಓಕ್ಲಿ, ನಾನು ಹೇಳ್ಬೇಕು ಅಂದಿದ್ದು...”

“ಗೊತ್ತು ಬಿಡು. ನಮ್ಮ ಡೆಲ್‌ರಾಯ್ ನಿಮ್ಮ ಹಾಗೇ ಪ್ರಚಾರಕ್ಕೆ ಬಂದೋನು. ಆಮೇಲೆ ನನ್ನ ಕೇಳೋಕೆ ನಮ್ಮಪ್ಪನ ಮುಂದೆ ಬಂದು ಕೂತ. ‘ಕೆಕ್ಕೊನ್’ ಅಂದ್ರೆ ಮದುವೆ. ‘ಕೆಂಕಾ’ ಅಂದ್ರೆ ಜಗಳ. ನಿಮ್ಮ ಮಗಳ ಜತೆ ಜಗಳ ಆಡ್ಬೇಕು ಅಂತಿದೀನಿ, ದಯವಿಟ್ಟು ಒಪ್ಕೊಳ್ಳಿ ಅಂದ.”

“ನಿಮ್ಮಪ್ಪ ಏನಂದ್ರು?” ಕುನಿಮೊಟೊ ತನ್ನ ಕೆಲಸ ಮರೆತು ಕೇಳಿದ.

“ಮದುವೆ ಅಂದ್ರೆ ಏನು ಅಂತ ಹುಡುಗನಿಗೆ ಚೆನ್ನಾಗಿ ಗೊತ್ತು, ಕೊಟ್ಟುಬಿಡೋಣ ಅಂದ್ರು.” ಆಕೆ ಕಣ್ಣೊರೆಸಿಕೊಂಡರು. “ಅಲ್ಲಿಂದ ಸಾಯೋವರೆಗೂ ಮನೇಲಿ ಹಠ ಹಿಡಿದು ಜಪಾನಿನೇ ಮಾತಾಡಿದ. ಒಂದು ವಾಕ್ಯ ನೆಟ್ಟಗಿಲ್ಲ. ತಿದ್ದಿ ತಿದ್ದಿ ನನ್ನ ಬಾಯಿ ಬಿತ್ತು. ಈಗ ಸೆಂದೈಯಿಂದ ತಂಗಿ ಫೋನ್ ಮಾಡ್ತಾಳೆ. ಒಂದು ತಪ್ಪಿಲ್ದೆ ಮಾತಾಡ್ತಾಳೆ, ಎಷ್ಟು ಬೇಜಾರು ಅಂತೀ. ಕೆಟ್ಟ ಜಪಾನಿ ಕೇಳ್ಬೇಕು ಅಂದ್ರೆ ನಾನು ಇಲ್ಲಿಗೇ ಬರ್ಬೇಕು. ಇಲ್ಲಿ ಸಿಗೋ ಅಂಥದ್ದು ಇನ್ನೆಲ್ಲೂ ಸಿಗಲ್ಲ.”

ಕೋಲ್ಟರ್ ಸೋಫಾದ ಅಂಚಿನಲ್ಲಿ ಕೂತ. “ಹಾಗಾದ್ರೆ ಶುಕ್ರವಾರ ನಿಮಗೆ ನೋವಾಗ್ಲಿಲ್ವಾ?”

“ಯಾಕಾಗಲ್ಲ?” ಆಕೆ ಮುಖ ಗಂಟಿಕ್ಕಿದರು. “ಮನೆಗೆ ಹೋಗಿ ಅಡುಗೆಮನೇಲಿ ನಿಂತು ಇಬ್ರಿಗೂ ಹೆಸರು ಹಿಡಿದು ಬೈದೆ. ಬಹಳ ಅದ್ಭುತವಂತೆ! ಆಮೇಲೆ ಉಗುರು ಕತ್ತರಿಸ್ಕೊಂಡೆ.”

“ಉಗುರಾ? ಯಾಕೆ?”

ಆಕೆ ಯಾಕೆಂದು ವಿವರಿಸಿದರು. ಕೋಲ್ಟರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಶುಕ್ರವಾರದಿಂದ ಅವನೊಡನೆ ನೆಟ್ಟಗೆ ಮಾತಾಡದಿದ್ದ ಕುನಿಮೊಟೊ ನೆಲಕ್ಕೆ ಜಾರಿ ಬಿದ್ದು ನಕ್ಕ. ಇವರ ರಾಜಿ ಆದದ್ದು ಹೀಗೆ.

“ಆಯ್ತು, ಸಾಕು ನಕ್ಕಿದ್ದು,” ಎಂದರು ಆಕೆ. “ಸರಿಯಾಗಿ ಹೇಳಿ ನೋಡೋಣ. ಗೊ. ಶೂ. ಶೋ.”

ಇಬ್ಬರೂ ಹೇಳಿದರು. ಆಕೆ ಒಪ್ಪಲಿಲ್ಲ. ಮತ್ತೆ ಹೇಳಿದರು. ‘ಶೂ’ ಎಳೆಯಿರಿ ಎಂದರು, ಎಳೆದರು. ಅಷ್ಟು ಎಳೆಯಬೇಡಿ ಎಂದರು. ಸುಮಾರಾಗಿ ಬಾಯಿಗೆ ಕೂತ ಮೇಲೆ ಆಕೆ ಇಂಗ್ಲಿಷನ್ನು ಮಡಿಸಿಟ್ಟು ಜಪಾನಿಗೆ ಮರಳಿದರು. ಮಾತಾಡತೊಡಗಿದರು. ನಡುವೆ ನಿಲ್ಲಿಸಿ, “ವಕರಿಮಾಸು ಕಾ?” ಎಂದರು. ಅರ್ಥವಾಯಿತೇ?

ಕೋಲ್ಟರ್‌ನ ಮುಖ ಅಭ್ಯಾಸದಂತೆ ನಗಲು ಹೊರಟಿತು. ಅವನು ಅದನ್ನು ತಡೆದ. “ವಕರಿಮಾಸೆನ್,” ಎಂದ. ಆಗಲಿಲ್ಲ.

ಆಕೆ ಅದನ್ನೇ ಇನ್ನೊಮ್ಮೆ ಹೇಳಿದರು, ಇನ್ನೂ ನಿಧಾನವಾಗಿ, ಕೈಯಲ್ಲಿ ತೋರಿಸುತ್ತ.

“ತಮಾಗೊ!” ಎಂದ ಕುನಿಮೊಟೊ ಮೆಲ್ಲಗೆ. “ಮೊಟ್ಟೆ ಕಣೋ. ಮೊಟ್ಟೆ ಬೇಯಿಸಿದ್ರಂತೆ.”

“ಬೆಳಿಗ್ಗೆ,” ಎಂದ ಕೋಲ್ಟರ್. ಆ ಮಾತು ಅವನಿಗೆ ಗೊತ್ತಿತ್ತು.

ಬೆಳಿಗ್ಗೆ. ಮೊಟ್ಟೆ. ಆಕೆ ಮೆಟ್ಟಿಲ ಬುಡದಲ್ಲಿ ನಿಂತು ತಲೆಯೆತ್ತಿ ಕೂಗಿದಂತೆ ಮಾಡಿದರು, “ಡೆಲ್‌ರಾಯ್.” ಕಿವಿಗೊಟ್ಟರು. ಮತ್ತೆ ಕೂಗಿದರು. ಆರಿಹೋಗುತ್ತೆ ಎಂದು ಬೈದರು. ಶುಕ್ರವಾರ ಕೇಳಿದ್ದ ಕತೆಯೇ ಒಂದೊಂದು ಮಾತಾಗಿ ಹುಡುಗರ ಮುಂದೆ ಬಂದು ನಿಂತಿತು. ಕುನಿಮೊಟೊ ಈ ಸಲ ಒಂದೂ ‘ಹಾಯ್’ ಹೇಳಲಿಲ್ಲ. ಕತೆಯಲ್ಲಿ ಆಕೆ ಮೆಟ್ಟಿಲು ಹತ್ತಿಹೋದರು, ಬಾಗಿಲು ತಳ್ಳಿದರು. ಅಲ್ಲಿ ಮಾತು ನಿಲ್ಲಿಸಿದರು. ಕೋಲ್ಟರ್ ಹೇಳಬೇಕೆಂದು ಕಲಿತಿದ್ದ ಮಾತು ನಾಲಿಗೆಯ ಮೇಲೇ ಇತ್ತು. ಹೇಳಲು ಆಗಲಿಲ್ಲ. ಆಕೆಯೂ ಒತ್ತಾಯ ಮಾಡಲಿಲ್ಲ.

ಆಮೇಲೆ ಅವನೇ ಕೇಳಿದ, ಇದ್ದಬದ್ದ ಜಪಾನಿಯನ್ನೆಲ್ಲ ಬಾಚಿ. “ತಮಾಗೊ... ಆ ಮೊಟ್ಟೆ?”

ವ್ಯಾಕರಣವೆಂಬುದು ಆ ಪ್ರಶ್ನೆಯ ಹತ್ತಿರವೂ ಸುಳಿದಿರಲಿಲ್ಲ. ಆಕೆಗೆ ಅರ್ಥವಾಯಿತು.

“ತಬೆಮಾಶಿತಾ,” ಎಂದರು. ತಿಂದೆ. ಎಲ್ಲರೂ ಹೋದ ಮೇಲೆ, ಸಂಜೆ, ಅಡುಗೆಮನೆಯಲ್ಲಿ ನಿಂತುಕೊಂಡೇ. ಉಪ್ಪು ಹಾಕಿಕೊಳ್ಳಲು ಮರೆತಿದ್ದೆ ಎಂದು ಬೆರಳ ತುದಿಯಲ್ಲಿ ಉಪ್ಪು ಉದುರಿಸುವಂತೆ ಮಾಡಿ ತೋರಿಸಿದರು.

ಬಾಗಿಲು ತಟ್ಟಿದ ಸದ್ದಾಯಿತು. 
ಮುಂದಿನ ಜೋಡಿ ಹೊರಗೆ ತುಟಿಯಲ್ಲೇ ಪಾಠ ಒಪ್ಪಿಸುತ್ತ ಕಾದಿತ್ತು. ಕಿನುಕೊ ಸಾನ್ ಸ್ವೆಟರು ಸರಿಮಾಡಿಕೊಂಡು, ದೇವರ ಹೆಸರೇ ಕೇಳದ ಸೆಂದೈ ಹೆಂಗಸಾಗಿ ಮತ್ತೆ ನೆಟ್ಟಗೆ ಕೂತರು. ಗುರುವಾರ ಬನ್ನಿ, ತಡಮಾಡಬೇಡಿ ಎಂದು ಇವರಿಗೆ ಜಪಾನಿಯಲ್ಲಿ ಗದರಿದರು. ಗದರಿದ್ದು ಇಬ್ಬರಿಗೂ ಪೂರಾ ತಿಳಿಯಿತು.